ನೈಲಾನ್ ಹೆಸರಿನಲ್ಲಿ ನ್ಯೂಯಾರ್ಕ್ ಇಲ್ಲ, ಲಂಡನ್ನೂ ಇಲ್ಲ: ಗಾಳದ ದಾರದ ಅಳತೆಯನ್ನೇ ಬದಲಿಸಿದ ವ್ಯಾಲೇಸ್ ಕ್ಯಾರೋಥರ್ಸ್ ಕಥೆ

ನ್ಯೂಯಾರ್ಕ್‌ನ ಎರಡು ಅಕ್ಷರ, ಲಂಡನ್ನಿನ ಮೂರು ಅಕ್ಷರ ಸೇರಿ ನೈಲಾನ್ ಎಂಬ ಹೆಸರಾಯಿತು ಎಂಬ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಎರಡೂ ಊರಿನ ವಿಜ್ಞಾನಿಗಳು ಒಟ್ಟಿಗೆ ಕಂಡುಹಿಡಿದರು ಎಂಬ ಒಗ್ಗರಣೆಯೂ ಕೆಲವೊಮ್ಮೆ ಅದರ ಜೊತೆಗಿರುತ್ತದೆ. ಜಪಾನಿನ ರೇಷ್ಮೆ ವ್ಯಾಪಾರವನ್ನು ಅಣಕಿಸಲು ಇಟ್ಟ ಹೆಸರು ಎಂಬ ಇನ್ನೊಂದು ಕಥೆಯೂ ಓಡಾಡುತ್ತಿದೆ. ಎರಡೂ ಸುಳ್ಳು. ನೈಲಾನ್ ತಯಾರಾದದ್ದು ಅಮೆರಿಕದ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ಊರಿನಲ್ಲಿದ್ದ ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ, ವ್ಯಾಲೇಸ್ ಕ್ಯಾರೋಥರ್ಸ್ ಎಂಬ ರಸಾಯನಶಾಸ್ತ್ರಜ್ಞರ ತಂಡದಿಂದ.

ಹೆಸರಿನ ಗದ್ದಲದಲ್ಲಿ ಈ ಮನುಷ್ಯ ಮರೆತೇಹೋಗಿದ್ದಾರೆ. ಅವರ ನೂಲಿನಿಂದ ಸೀರೆ ಬಂತು, ಹಗ್ಗ ಬಂತು, ಹಲ್ಲುಜ್ಜುವ ಬ್ರಷ್ ಬಂತು, ಇದೆಲ್ಲ ನಮಗೆ ಗೊತ್ತು. ಆದರೆ ಫ್ಲೈ ಫಿಶಿಂಗ್ ಎಂಬ ಒಂದು ಹವ್ಯಾಸದಲ್ಲಿ ನೈಲಾನ್ ಬಂದಮೇಲೆ ಯಾವ ದಾರ ಒಳ್ಳೆಯದು ಎಂದು ನಿರ್ಧರಿಸುವ ವಿಧಾನವೇ ತಲೆಕೆಳಗಾಯಿತು. ಆ ಕಥೆಯಿಂದಲೇ ಶುರುಮಾಡೋಣ.

ನಮ್ಮ ಕೆರೆಗಳಲ್ಲಿ ಗಾಳ ಹಾಕುವುದನ್ನು ನೋಡಿದ್ದೀರಲ್ಲ? ದಾರದ ತುದಿಗೆ ಎರೆಹುಳು, ಸ್ವಲ್ಪ ಮೇಲೆ ಸೀಸದ ಗುಂಡು. ಎಸೆದಾಗ ಗುಂಡಿನ ಭಾರ ಮುಂದೆ ಹೋಗುತ್ತದೆ, ದಾರ ಅದರ ಹಿಂದೆ ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ನೊಣದಂಥ ಆಕಾರ ಮಾಡಿರುತ್ತಾರೆ. ಅದಕ್ಕೆ ಭಾರವೇ ಇಲ್ಲ. ಎಷ್ಟು ಜೋರಾಗಿ ಎಸೆದರೂ ಕೋಳಿಪುಕ್ಕ ಎಸೆದಂತೆ ಕಾಲ ಬುಡದಲ್ಲೇ ಬೀಳುತ್ತದೆ. ಹಾಗಾಗಿ ಅಲ್ಲಿ ಎಸೆಯುವುದು ಕೊಕ್ಕೆಯನ್ನಲ್ಲ, ದಾರವನ್ನು. ದಾರದ ಭಾರಕ್ಕೆ ಕೋಲು ಬಾಗುತ್ತದೆ, ನೆಟ್ಟಗಾಗುವಾಗ ದಾರವನ್ನು ಮುಂದಕ್ಕೆ ದೂಡುತ್ತದೆ, ಚಾವಟಿ ಬೀಸಿದಂತೆ ದಾರ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ದಾರದ ತೂಕ ಕೋಲಿಗೆ ಹೊಂದದಿದ್ದರೆ ಕೈ ಎಷ್ಟು ಪಳಗಿದ್ದರೂ ಎಸೆತ ಕೆಡುತ್ತದೆ.

ನೈಲಾನಿಗೆ ಮೊದಲು ಒಳ್ಳೆಯ ದಾರ ಎಂದರೆ ಹೆಣೆದು ಎಣ್ಣೆ ಕುಡಿಸಿದ ರೇಷ್ಮೆ ದಾರ. ತೆಳ್ಳಗೆ, ನುಣುಪಾಗಿ, ಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತು. ಆದರೆ ರೇಷ್ಮೆ ನೀರಿಗಿಂತ ಭಾರ. ತೇಲಬೇಕಾದರೆ ಕೊಬ್ಬಿನಂಥ ಜಿಡ್ಡು ಸವರಬೇಕು, ಸ್ವಲ್ಪ ಹೊತ್ತಾದ ಮೇಲೆ ಒರೆಸಿ ಮತ್ತೆ ಸವರಬೇಕು. ಸಂಜೆ ಮನೆಗೆ ಬಂದು ಉರುಳೆಯಿಂದ ಬಿಚ್ಚಿ ಒಣಹಾಕಬೇಕು, ಇಲ್ಲದಿದ್ದರೆ ಕೊಳೆತುಹೋಗುತ್ತದೆ. ದಾರದ ತುದಿಗೂ ಕೊಕ್ಕೆಗೂ ನಡುವೆ ಕಟ್ಟುತ್ತಿದ್ದ ತೆಳು ಎಳೆಯ ಪಾಡು ಇನ್ನೂ ವಿಚಿತ್ರ. ನಮ್ಮ ರಾಮನಗರ, ಶಿಡ್ಲಘಟ್ಟದ ರೈತರು ಹುಳು ಹಣ್ಣಾಯಿತು ಎನ್ನುತ್ತಾರಲ್ಲ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹಂತ. ಸ್ಪೇನಿನ ಮುರ್ಸಿಯಾ ಪ್ರದೇಶದಲ್ಲಿ ಅಂಥ ಹುಳುಗಳನ್ನು ವಿನೆಗರ್‌ನಲ್ಲಿ ನೆನೆಸಿ, ಒಳಗಿನ ರೇಷ್ಮೆ ಗ್ರಂಥಿಯನ್ನು ಕೈಯಿಂದಲೇ ಎಳೆದು ಒಂದೊಂದು ಗಟ್ಟಿ ಎಳೆ ಮಾಡುತ್ತಿದ್ದರು. ಗಿಡ್ಡ ಗಿಡ್ಡ ಎಳೆಗಳು. ಗಂಟು ಹಾಕಿ ಜೋಡಿಸಬೇಕು. ಒಣಗಿದರೆ ಪಟ್ಟನೆ ಮುರಿಯುತ್ತವೆ, ಆದ್ದರಿಂದ ಮೀನು ಹಿಡಿಯಲು ಹೊರಡುವ ಮೊದಲು ನೀರಿನಲ್ಲಿ ನೆನೆಹಾಕಬೇಕು.

ಇನ್ನು ಕ್ಯಾರೋಥರ್ಸ್ ವಿಷಯಕ್ಕೆ ಬರೋಣ. ಅವರು ಹುಟ್ಟಿದ್ದು 1896ರ ಏಪ್ರಿಲ್ 27ರಂದು, ಅಮೆರಿಕದ ಅಯೋವಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ. ತಂದೆ ವಾಣಿಜ್ಯ ಕಾಲೇಜೊಂದರಲ್ಲಿ ಮೇಷ್ಟ್ರು. ಮಗನೂ ಮೊದಲು ಅಲ್ಲೇ ಲೆಕ್ಕಪತ್ರ ಕಲಿತರು. ಆಮೇಲೆ ಮಿಸ್ಸೂರಿಯ ಟಾರ್ಕಿಯೋ ಎಂಬ ಸಣ್ಣ ಕಾಲೇಜಿಗೆ ಸೇರಿ ರಸಾಯನಶಾಸ್ತ್ರಕ್ಕೆ ಅಂಟಿಕೊಂಡರು. ಅಲ್ಲಿನ ರಸಾಯನಶಾಸ್ತ್ರದ ಅಧ್ಯಾಪಕರು ಕೆಲಸ ಬಿಟ್ಟುಹೋದಾಗ, ಇನ್ನೂ ವಿದ್ಯಾರ್ಥಿಯಾಗಿದ್ದ ಇವರಿಗೇ ಪಾಠ ಮಾಡುವ ಕೆಲಸ ಬಂತು. 1924ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್, 1926ರಲ್ಲಿ ಹಾರ್ವರ್ಡ್‌ನಲ್ಲಿ ಅಧ್ಯಾಪಕ ಹುದ್ದೆ. ಪಾಠ ಮಾಡುವುದೆಂದರೆ ಅವರಿಗೆ ಕಷ್ಟ. ನಾಚಿಕೆಯ, ಒಳಮುಖದ ಸ್ವಭಾವ. ಜೊತೆಗೆ ಯೌವನದಿಂದಲೂ ಮರಳಿ ಮರಳಿ ಬರುತ್ತಿದ್ದ ಖಿನ್ನತೆ.

ಡ್ಯೂಪಾಂಟ್ ಕಂಪನಿ ಆಗಷ್ಟೇ ಮೂಲ ಸಂಶೋಧನೆಗೆಂದು ಒಂದು ವಿಭಾಗ ತೆರೆದಿತ್ತು. ಕ್ಯಾರೋಥರ್ಸ್ ಮೊದಲು ಹಿಂಜರಿದರು, ತಮ್ಮ ಮನಸ್ಸಿನ ಕಾಯಿಲೆ ಕಂಪನಿಯ ಕೆಲಸಕ್ಕೆ ಅಡ್ಡಿಯಾದೀತು ಎಂಬ ಅಳುಕನ್ನೂ ಅವರಿಗೆ ತಿಳಿಸಿದರು. ಕೊನೆಗೆ ಒಪ್ಪಿ 1928ರ ಫೆಬ್ರವರಿಯಲ್ಲಿ ಕೆಲಸಕ್ಕೆ ಸೇರಿದರು.

ಆ ಕಾಲದಲ್ಲಿ ರಸಾಯನಶಾಸ್ತ್ರಜ್ಞರ ನಡುವೆ ದೊಡ್ಡ ಜಗಳವೊಂದು ನಡೆದಿತ್ತು. ರಬ್ಬರ್, ರೇಷ್ಮೆ, ಹತ್ತಿ ಇವೆಲ್ಲ ಸಾವಿರಾರು ಕೊಂಡಿಗಳ ಉದ್ದನೆಯ ಸರಪಳಿಯಂಥ ಅಣುಗಳಿಂದ ಆಗಿವೆ ಎಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ ವಾದಿಸುತ್ತಿದ್ದರು. ಅಷ್ಟು ದೊಡ್ಡ ಅಣು ಇರಲು ಸಾಧ್ಯವೇ ಇಲ್ಲ, ಸಣ್ಣ ಅಣುಗಳು ಗುಂಪಾಗಿ ಅಂಟಿಕೊಂಡಿವೆ ಅಷ್ಟೇ ಎಂಬುದು ಹಲವು ಹಿರಿಯರ ನಂಬಿಕೆ. ಕ್ಯಾರೋಥರ್ಸ್ ವಾದಕ್ಕೆ ಇಳಿಯಲಿಲ್ಲ, ಅಣುವನ್ನೇ ಕಟ್ಟಿ ತೋರಿಸಲು ಹೊರಟರು. ಎರಡೂ ತುದಿಯಲ್ಲಿ ಕೈಹಿಡಿಯಬಲ್ಲ ಸಣ್ಣ ಅಣುಗಳನ್ನು ತೆಗೆದುಕೊಂಡು, ಗೊತ್ತಿರುವ ಕ್ರಿಯೆಯಿಂದಲೇ ಒಂದಕ್ಕೊಂದು ಜೋಡಿಸುತ್ತಾ ಹೋಗುವುದು. ಅದಕ್ಕೂ ಹಿಂದೆ ಎಮಿಲ್ ಫಿಷರ್ ಹೀಗೆ ಕಟ್ಟಿದ್ದ ಅಣುವಿನ ತೂಕ 4,200ರ ಹತ್ತಿರ ನಿಂತಿತ್ತು. ಜೋಡಣೆಯಲ್ಲಿ ಹುಟ್ಟುವ ನೀರು ಅಲ್ಲೇ ಉಳಿದರೆ ಸರಪಳಿ ಮತ್ತೆ ತುಂಡಾಗುತ್ತದೆ. ಆ ನೀರನ್ನು ನಿರ್ವಾತದಲ್ಲಿ ಆವಿಯಾಗಿಸಿ ಹೊರತೆಗೆದಾಗ ಸರಪಳಿಗಳು 10,000 ದಾಟಿ ಬೆಳೆದವು.

1930ರ ಏಪ್ರಿಲ್‌ನಲ್ಲಿ ಅವರ ಸಹಾಯಕ ಜೂಲಿಯನ್ ಹಿಲ್ ಅಂಥ ಒಂದು ಕರಗಿದ ಪಾಲಿಯೆಸ್ಟರಿಗೆ ಕಡ್ಡಿ ಅದ್ದಿ ಎತ್ತಿದರು. ಬೆಲ್ಲದ ಪಾಕದಂತೆ ಎಳೆ ಬಂತು. ಪಾಕದ ಎಳೆ ಆರಿದ ಮೇಲೆ ಎಳೆದರೆ ಮುರಿಯುತ್ತದೆ, ಇದು ಹಾಗಲ್ಲ. ತಣ್ಣಗಾದ ಮೇಲೂ ಹಲವು ಪಟ್ಟು ಉದ್ದಕ್ಕೆ ಎಳೆಯಬಹುದಿತ್ತು, ಎಳೆದಷ್ಟೂ ಗಟ್ಟಿಯಾಗುತ್ತಿತ್ತು, ರೇಷ್ಮೆಯಂತೆ ಹೊಳೆಯುತ್ತಿತ್ತು. ಗೋಜಲಾಗಿ ಬಿದ್ದಿದ್ದ ಸರಪಳಿಗಳು ಎಳೆದಾಗ ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುವುದೇ ಇದಕ್ಕೆ ಕಾರಣ. ಇಂದು ನೀವು ಅಂಗಡಿಯಿಂದ ತರುವ ಗಾಳದ ನೈಲಾನ್ ದಾರದ ಬಲವೂ ಇದೇ ಎಳೆತದಿಂದ ಬಂದದ್ದು.

ಆದರೆ ಆ ಮೊದಲ ಎಳೆ ಬಿಸಿನೀರಿಗೇ ಮೆತ್ತಗಾಗುತ್ತಿತ್ತು, ಬಟ್ಟೆಗೆ ಆಗುವಂತಿರಲಿಲ್ಲ. ಕೆಲಸ ವರ್ಷಗಟ್ಟಲೆ ನಿಂತಿತು. 1934ರಲ್ಲಿ ಬೇರೆ ಬಗೆಯ ಜೋಡಣೆಗೆ ಹೊರಳಿದರು. 1935ರ ಫೆಬ್ರವರಿ 28ರಂದು, ತಲಾ ಆರು ಇಂಗಾಲದ ಪರಮಾಣುಗಳಿರುವ ಎರಡು ವಸ್ತುಗಳನ್ನು ಸೇರಿಸಿ ತಂಡ ಮಾಡಿದ ಪಾಲಿಮರ್ ಎಲ್ಲ ಪರೀಕ್ಷೆಯನ್ನೂ ದಾಟಿತು. ಪೊಟ್ಟಣಗಳ ಮೇಲೆ ಕಾಣುವ ನೈಲಾನ್ 66 ಎಂಬುದು ಆ ಎರಡು ಆರುಗಳು. ನೈಲಾನ್ ಎಂಬ ಹೆಸರು ಮಾತ್ರ ಇನ್ನೂ ಹುಟ್ಟಿರಲಿಲ್ಲ.

1936ರಲ್ಲಿ ಅವರು ಹೆಲೆನ್ ಸ್ವೀಟ್‌ಮನ್ ಅವರನ್ನು ಮದುವೆಯಾದರು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಕಂಪನಿಯೊಂದರ ನೌಕರಿಯಲ್ಲಿದ್ದ ಸಾವಯವ ರಸಾಯನಶಾಸ್ತ್ರಜ್ಞರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಆದರೂ ತಾನು ಸೋತೆ, ಹೊಸದೇನೂ ಇನ್ನು ಹೊಳೆಯುವುದಿಲ್ಲ ಎಂಬ ಭಾವನೆ ಅವರನ್ನು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಚಿಕಿತ್ಸೆಯೂ ನಡೆಯಿತು. 1937ರ ಜನವರಿಯಲ್ಲಿ ಪ್ರೀತಿಯ ತಂಗಿ ಇಸೊಬೆಲ್ ನ್ಯುಮೋನಿಯಾದಿಂದ ತೀರಿಕೊಂಡರು. ಏಪ್ರಿಲ್ 29ರಂದು, 41ನೇ ಹುಟ್ಟುಹಬ್ಬವಾಗಿ ಎರಡೇ ದಿನಕ್ಕೆ, ಫಿಲಡೆಲ್ಫಿಯಾದಲ್ಲಿ ಕ್ಯಾರೋಥರ್ಸ್ ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಮಗಳು ಜೇನ್ ಹುಟ್ಟಿದ್ದು ಅದೇ ನವೆಂಬರ್‌ನಲ್ಲಿ.

ಇಷ್ಟೆಲ್ಲ ಇದ್ದವರಿಗೆ ಏನು ಕೊರತೆ ಎಂದು ಕೇಳುವವರು ಈಗಲೂ ಇದ್ದಾರೆ. ಖಿನ್ನತೆ ಕೊರತೆಯ ಪ್ರಶ್ನೆಯಲ್ಲ, ಕಾಯಿಲೆ. ಕ್ಯಾರೋಥರ್ಸ್ ಕಾಲದಲ್ಲಿ ಇಂದಿನ ಔಷಧಿಗಳು ಇರಲಿಲ್ಲ, ಈಗ ಇವೆ. ನಿಮಗೋ ಮನೆಯವರಿಗೋ ಬೇಕಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಫಾರ್ವರ್ಡ್ ಮಾಡುವುದಿದ್ದರೆ ಈ ಸಂಖ್ಯೆಯನ್ನು ಮಾಡಿ.

ಹೆಸರಿನ ನಿಜ ಸಂಗತಿ ಇಷ್ಟು. ಡ್ಯೂಪಾಂಟ್ ಈ ನೂಲನ್ನು ಜಗತ್ತಿಗೆ ಪ್ರಕಟಿಸಿದ್ದು 1938ರ ಅಕ್ಟೋಬರ್‌ನಲ್ಲಿ. ಹೆಂಗಸರ ಕಾಲುಚೀಲದ ಎಳೆ ಬಿಟ್ಟುಕೊಳ್ಳುವುದಿಲ್ಲ ಎಂಬ ಅರ್ಥ ಬರುವ ನೋ ರನ್ ಎಂಬ ಪದ ಮೊದಲು ಚರ್ಚೆಗೆ ಬಂತು. ಆದರೆ ಎಳೆ ಬಿಡುತ್ತಿತ್ತು! ಸುಳ್ಳು ಭರವಸೆ ಬೇಡವೆಂದು ಅಕ್ಷರಗಳನ್ನು ಅತ್ತಿತ್ತ ಬದಲಿಸುತ್ತಾ ನೈಲಾನ್‌ಗೆ ಬಂದು ನಿಂತರು. ಕೊನೆಯ ಆನ್ ಎಂಬುದು ಕಾಟನ್, ರೇಯಾನ್‌ಗಳ ಜಾಡು.

1939ರ ಹೊತ್ತಿಗೆ ನೈಲಾನ್ ಗಾಳದ ದಾರ ಮಾರುಕಟ್ಟೆಗೆ ಬಂತು. ಯುದ್ಧ ಮುಗಿದ ಮೇಲೆ ಹುಳುವಿನ ಎಳೆಯ ಕೆಲಸ ಬೇಗನೆ ಮುಗಿಯಿತು, ನೈಲಾನ್ ಎಳೆಗೆ ನೆನೆಹಾಕುವ ಗೋಜೂ ಇಲ್ಲ, ಗಂಟುಗಳೂ ಬೇಕಿಲ್ಲ. ಫ್ಲೈ ದಾರದಲ್ಲಿ ಮಾತ್ರ ತೊಡಕು ಎದ್ದಿತು. ರೇಷ್ಮೆಯ ಕಾಲದಲ್ಲಿ ದಾರವನ್ನು ದಪ್ಪದಿಂದ ಗುರುತಿಸುತ್ತಿದ್ದರು. ಎಚ್‌ಡಿಎಚ್ ಎಂದರೆ ಎರಡೂ ತುದಿ 0.025 ಇಂಚು, ನಡುವೆ 0.045 ಇಂಚು. ಎಲ್ಲ ದಾರವೂ ರೇಷ್ಮೆಯದ್ದೇ ಆದ್ದರಿಂದ ದಪ್ಪ ಗೊತ್ತಾದರೆ ತೂಕವೂ ಗೊತ್ತಾದಂತೆ. ನೈಲಾನಿನ ಸಾಂದ್ರತೆ ಸುಮಾರು 1.14, ರೇಷ್ಮೆಯದ್ದು 1.3ರ ಆಸುಪಾಸು. ಅದೇ ದಪ್ಪದ ನೈಲಾನ್ ದಾರ ಸುಮಾರು ಎಂಟರಲ್ಲೊಂದು ಪಾಲು ಹಗುರ. ಹಳೆಯ ಅಕ್ಷರ ನೋಡಿ ಹೊಸ ದಾರ ಕೊಂಡವರ ಕೋಲು ಸರಿಯಾಗಿ ಬಾಗಲೇ ಇಲ್ಲ. 1950ರ ದಶಕದಲ್ಲಿ ನೈಲಾನ್ ಹೆಣಿಗೆಯ ಮೇಲೆ ಪಿವಿಸಿ ಲೇಪ ಹಚ್ಚಿದ ದಾರ ಬಂತು, ಲೇಪವನ್ನೇ ಬೇಕಾದಲ್ಲಿ ದಪ್ಪ, ಬೇಕಾದಲ್ಲಿ ತೆಳು ಮಾಡಿದರು. ಆಮೇಲೆ ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಟೊಳ್ಳು ಗಾಜಿನ ಗುಳ್ಳೆ ಬೆರೆಸಿ ತೇಲಿಸಿದರು. ದಪ್ಪಕ್ಕೂ ತೂಕಕ್ಕೂ ಇದ್ದ ನಂಟು ಪೂರ್ತಿ ಕಡಿದುಹೋಯಿತು.

1961ರಲ್ಲಿ ಅಮೆರಿಕದ ಮೀನುಗಾರಿಕೆ ಸಾಮಗ್ರಿ ತಯಾರಕರ ಸಂಘ ದಪ್ಪವನ್ನು ಕೈಬಿಟ್ಟು ತೂಕವನ್ನು ಹಿಡಿಯಿತು. ದಾರದ ಮುಂಭಾಗದ 30 ಅಡಿಯ ತೂಕವೇ ಲೆಕ್ಕ. 5ನೇ ನಂಬರ್ ಎಂದರೆ 140 ಗ್ರೇನ್, ಅಂದರೆ ಸುಮಾರು 9.1 ಗ್ರಾಂ. 6ನೇ ನಂಬರ್ 160 ಗ್ರೇನ್, ಸುಮಾರು 10.4 ಗ್ರಾಂ. ಕೋಲಿನ ಮೇಲೂ ಇದೇ ನಂಬರ್ ಇರುತ್ತದೆ.

ಬೆಲೆ ಹೆಚ್ಚಿದ್ದರೆ ದಾರ ದೂರ ಹೋಗುತ್ತದೆ ಎಂಬುದು ಈ ಹವ್ಯಾಸದ ದೊಡ್ಡ ಮೂಢನಂಬಿಕೆ. ಭಾರ ಎಲ್ಲಿ ಕೂತಿದೆ ಎಂಬುದು ಬೆಲೆಗಿಂತ ಮುಖ್ಯ. ಮುಂಭಾಗದಲ್ಲೇ ಭಾರ ತುಂಬಿದ ದಾರ ಗಾಳಿಯಲ್ಲೂ ದೂರ ಹೋಗುತ್ತದೆ, ಆದರೆ ನೀರಿಗೆ ಸ್ವಲ್ಪ ದಪ್ಪನೆ ಬೀಳುತ್ತದೆ. ಎರಡೂ ತುದಿ ಸಣ್ಣಗಿರುವ ದಾರ ಹತ್ತಿರದ ಎಸೆತದಲ್ಲಿ ಮೆಲ್ಲಗೆ ಇಳಿಯುತ್ತದೆ, ಒಂದು ತುದಿ ಸವೆದರೆ ತಿರುಗಿಸಿಯೂ ಬಳಸಬಹುದು. ತಣ್ಣೀರಿನ ದಾರವನ್ನು ಬಿಸಿಲೂರಿಗೆ ಒಯ್ದರೆ ಮೆತ್ತಗಾಗಿ ಕೋಲಿನ ಬಳೆಗಳಿಗೆ ಅಂಟುತ್ತದೆ. ಬಿಸಿಲಿಗೆಂದು ಮಾಡಿದ್ದು ತಣ್ಣೀರಿನಲ್ಲಿ ಸ್ಪ್ರಿಂಗಿನಂತೆ ಸುರುಳಿ ಬೀಳುತ್ತದೆ. ಎರಡು ದಾರ ಹೋಲಿಸುವಾಗ ಒಂದೇ ಕೋಲು, ಅಷ್ಟೇ ಉದ್ದ, ಅದೇ ಕೈ ಇರಲಿ. ವೀಡಿಯೋದಲ್ಲಿ ಪಳಗಿದವರು ಎಸೆದದ್ದನ್ನು ನೋಡಿ ಕೊಳ್ಳಬೇಡಿ.

ಇನ್ನೊಂದು ಮಾತು. ಈಗ ಕೆಲವು ಕಂಪನಿಗಳು ಗಡುಸು ಕೋಲುಗಳಿಗೆಂದು ನಂಬರಿಗಿಂತ ಅರ್ಧ ಅಥವಾ ಒಂದು ಮಟ್ಟ ಭಾರವಾಗಿಯೇ ದಾರ ಮಾಡುತ್ತವೆ. ಡಬ್ಬಿಯ ಮೇಲೆ 5 ಎಂದಿದ್ದರೂ ಒಳಗೆ 6ರ ತೂಕ ಇರಬಹುದು. ಗ್ರೇನ್ ಎಷ್ಟೆಂದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ತುದಿಯ ಸಮದಪ್ಪದ ತುಣುಕನ್ನು ಬಿಟ್ಟು, ಅಲ್ಲಿಂದ 30 ಅಡಿ, ಅಂದರೆ 9.14 ಮೀಟರ್ ಅಳೆದು, ಅಷ್ಟನ್ನೇ ಸುತ್ತಿ ಪರಿಚಯದ ಚಿನ್ನದಂಗಡಿಯ ತಕ್ಕಡಿಯ ಮೇಲಿಡಿ. ಉಳಿದ ದಾರದ ಭಾರ ತಟ್ಟೆಗೆ ತಾಗದಂತೆ ಕೈಯಲ್ಲಿ ಹಿಡಿದಿರಿ.