ಗಾಳಿ ಟಯರು ಕೊಟ್ಟ ದನದ ಡಾಕ್ಟರು

ಈ ಸಲದ ಗೋಡೆ ಪತ್ರಿಕೆಗೆ ನಾನು ಒಬ್ಬ ದನದ ಡಾಕ್ಟರ ಜೀವನ ಚರಿತ್ರೆ ಬರೆಯುತ್ತಿದ್ದೇನೆ. ಅವರ ಹೆಸರು ಜಾನ್ ಬಾಯ್ಡ್ ಡನ್‌ಲಪ್. ಈ ಹೆಸರನ್ನು ಟಯರಿನ ಮೇಲೆ ನಿಮ್ಮಲ್ಲಿ ಬಹಳ ಜನ ಓದಿರುತ್ತೀರಿ. ಅದು ಬರೀ ಕಂಪನಿ ಹೆಸರು ಅಂತ ತಿಳಿದುಕೊಂಡಿದ್ದೇವೆ. ಆದರೆ ಅದು ಉದ್ದ ಗಡ್ಡ ಬಿಟ್ಟಿದ್ದ ಒಬ್ಬ ಮನುಷ್ಯನ ಹೆಸರು.

ಇವರು 1840ನೇ ಇಸವಿ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಡ್ರೆಗಾರ್ನ್ ಎಂಬ ಊರಿನಲ್ಲಿ ಬೇಸಾಯಗಾರರ ಮನೆಯಲ್ಲಿ ಹುಟ್ಟಿದರು. ಎಡಿನ್‌ಬರೋದಲ್ಲಿ ಪಶುವೈದ್ಯ ಓದಿ, 1867ರಲ್ಲಿ ಐರ್ಲೆಂಡಿಗೆ ಹೋದರು. ಕೊನೆಗೆ ಬೆಲ್‌ಫಾಸ್ಟ್ ಪಟ್ಟಣದಲ್ಲಿ ನೆಲೆ ನಿಂತರು. ಗಾಡಿಗಳನ್ನೆಲ್ಲಾ ಕುದುರೆ ಎಳೆಯುತ್ತಿದ್ದ ಕಾಲ ಅದು. ಆದ್ದರಿಂದ ಇವರಿಗೆ ಕೈ ತುಂಬಾ ಕೆಲಸ ಇತ್ತು.

ಡನ್‌ಲಪ್ ಅವರಿಗೆ ಜಾನಿ ಎಂಬ ಮಗ ಇದ್ದ. ಅವನ ಹತ್ತಿರ ಮೂರು ಚಕ್ರದ ಸೈಕಲ್ ಇತ್ತು. ಆಗಿನ ಸೈಕಲ್ಲಿಗೆ ಟ್ಯೂಬು, ಗಾಳಿ ಏನೂ ಇರಲಿಲ್ಲ. ಕಬ್ಬಿಣದ ಚಕ್ರ, ಇಲ್ಲಾಂದ್ರೆ ಗಟ್ಟಿ ರಬ್ಬರು ಅಷ್ಟೇ. ಕಲ್ಲು ಹಾಸಿದ ಬೀದಿಯಲ್ಲಿ ಹೋದರೆ ಮೈಯೆಲ್ಲಾ ಕುಲುಕಾಡುತ್ತಿತ್ತು. ಮಗನ ಕಷ್ಟ ನೋಡಿ ಅಪ್ಪ ಯೋಚಿಸಿದರು.

1887ರಲ್ಲಿ ಅವರು ಒಂದು ಪ್ರಯೋಗ ಮಾಡಿದರು. ಇದು ನನಗೆ ತುಂಬಾ ಇಷ್ಟವಾದ ಭಾಗ. ಸುಮಾರು 96 ಸೆಂಟಿಮೀಟರ್ ಅಗಲದ ಮರದ ತಟ್ಟೆ ತೆಗೆದುಕೊಂಡು, ರಬ್ಬರು ಹಾಳೆಯಿಂದ ಕೊಳವೆ ಮಾಡಿ, ಗಾಳಿ ತುಂಬಿ ಅದರ ಸುತ್ತ ಕಟ್ಟಿದರು. ಮನೆ ಅಂಗಳದಲ್ಲಿ ಈ ಚಕ್ರವನ್ನೂ ಮಗನ ಸೈಕಲ್ಲಿನ ಕಬ್ಬಿಣದ ಚಕ್ರವನ್ನೂ ಉರುಳಿಸಿಬಿಟ್ಟರು. ಕಬ್ಬಿಣದ್ದು ಅರ್ಧಕ್ಕೇ ನಿಂತುಹೋಯಿತು. ಗಾಳಿಯದ್ದು ಹೋಗಿ ಹೋಗಿ ಗೇಟಿನ ಕಂಬಕ್ಕೆ ಹೊಡೆದು ಹಿಂದಕ್ಕೆ ಪುಟಿಯಿತು. ಆಮೇಲೆ ಮಗನ ಸೈಕಲ್ಲಿನ ಹಿಂದಿನ ಎರಡೂ ಚಕ್ರಕ್ಕೆ ಗಾಳಿ ಟಯರು ಬಂತು. 1888 ಡಿಸೆಂಬರ್ 7ರಂದು ಪೇಟೆಂಟ್ ಸಿಕ್ಕಿತು.

ಗಾಳಿ ಚಕ್ರ ಯಾಕೆ ಹೆಚ್ಚು ದೂರ ಹೋಯಿತು? ಗಟ್ಟಿ ಚಕ್ರಕ್ಕೆ ಒಂದು ಕಲ್ಲು ಅಡ್ಡ ಬಂದರೆ ಇಡೀ ಸೈಕಲ್ಲು, ಮೇಲೆ ಕೂತವನು ಸಮೇತ ಎದ್ದು ಬೀಳಬೇಕು. ತುಳಿದ ಶಕ್ತಿ ಅಲ್ಲೇ ಖರ್ಚಾಗುತ್ತದೆ. ಗಾಳಿ ಟಯರು ಕಲ್ಲನ್ನು ತನ್ನೊಳಗೆ ಒತ್ತಿಕೊಂಡು ಮುಂದೆ ಹೋಗುತ್ತದೆ.

ಆದರೂ ಮೊದಲು ಜನ ನಂಬಲಿಲ್ಲ. ಗಾಳಿ ಟಯರು ದಪ್ಪಗೆ ಕಾಣುತ್ತಿತ್ತು, ನೋಡಿದವರು ನಗುತ್ತಿದ್ದರು. ಬೆಲ್‌ಫಾಸ್ಟಿನ ಸೈಕಲ್ ಸಂಘದ ನಾಯಕ ವಿಲ್ಲಿ ಹ್ಯೂಮ್ ಮಾತ್ರ ಧೈರ್ಯ ಮಾಡಿ ಇದನ್ನು ಹಾಕಿಕೊಂಡರು. 1889 ಮೇ 18ರಂದು ಕ್ವೀನ್ಸ್ ಕಾಲೇಜಿನ ಆಟದ ಮೈದಾನದಲ್ಲಿ ರೇಸು ನಡೆಯಿತು. ಹ್ಯೂಮ್ ಇಳಿದ ನಾಲ್ಕಕ್ಕೆ ನಾಲ್ಕೂ ಗೆದ್ದರು! ಸೋತವರಲ್ಲಿ ಹಾರ್ವೆ ಡು ಕ್ರಾಸ್ ಎಂಬುವರ ಮಕ್ಕಳೂ ಇದ್ದರು. ಆ ಅಪ್ಪ ಸಿಟ್ಟು ಮಾಡಿಕೊಳ್ಳದೆ ಡನ್‌ಲಪ್ ಜೊತೆ ಸೇರಿ ಟಯರ್ ಕಂಪನಿ ಶುರು ಮಾಡಿದರು. ಬುದ್ಧಿವಂತರು ಅಂತ ನನಗೆ ಅನ್ನಿಸುತ್ತದೆ.

ನಾನು ಇದನ್ನೆಲ್ಲಾ ತಿಳಿದುಕೊಳ್ಳಲು ಒಂದು ಕಾರಣ ಇದೆ. ನಮ್ಮ ದೊಡ್ಡಪ್ಪನ ಮಗ ಅಣ್ಣ ಪೀಣ್ಯದಲ್ಲಿ ಲೇತ್ ಕೆಲಸಕ್ಕೆ ಹೋಗುತ್ತಾನೆ. ಹೋಗಿ ಬರುವುದು ಸೈಕಲ್ಲಲ್ಲೇ, ಅದೇ ಅವನ ಪ್ರಾಕ್ಟೀಸು. ಭಾನುವಾರ ನಂದಿಬೆಟ್ಟದ ಕಡೆ ತುಳಿಯುತ್ತಾನೆ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಸೈಕಲ್ ರೇಸಿನಲ್ಲಿ ಹೆಸರು ಮಾಡಿದ ಹಾಗೆ ತಾನೂ ಮಾಡಬೇಕು ಅಂತ ಆಸೆ. ಅದಕ್ಕೆ ಚೀಟಿ ದುಡ್ಡಿನಲ್ಲಿ ತೆಳು ಟಯರಿನ, 20 ಕಡ್ಡಿಯ ರೇಸ್ ವೀಲು ತರುತ್ತೇನೆ ಅಂದ. ದೊಡ್ಡಮ್ಮ ಆ ದುಡ್ಡನ್ನು ಹಸು ತರಲು ಇಟ್ಟಿದ್ದರು. ಮೂರು ದಿನ ಮನೆಯಲ್ಲಿ ಮಾತಿಲ್ಲ.

ಸೈಕಲ್ ಅಂಗಡಿಯವರು ಇಬ್ಬರಿಗೂ ಬಿಡಿಸಿ ಹೇಳಿದರು. ಹಗುರ ಚಕ್ರ ಬೇಗ ವೇಗ ಹಿಡಿಯುತ್ತದೆ, ನಿಜ. ಆದರೆ ಪೀಣ್ಯದ ರಸ್ತೆಯಲ್ಲಿ ಲಾರಿ ಗುಂಡಿಗಳು, ಲೇತಿನಿಂದ ಬಿದ್ದ ಕಬ್ಬಿಣದ ಚೂರುಗಳು ಇರುತ್ತವೆ. ಕಡ್ಡಿ ಕಡಿಮೆ ಇರುವ ಚಕ್ರದಲ್ಲಿ ಒಂದು ಮುರಿದರೂ ರಿಮ್ಮು ಸೊಟ್ಟಗಾಗಿ ಬ್ರೇಕಿಗೆ ಉಜ್ಜುತ್ತದೆ, ಕೆಲಸಕ್ಕೆ ಹೋಗೋದೇ ನಿಂತುಹೋಗುತ್ತದೆ. ನಾನು ನಮ್ಮ ತಾತನ ಹಳೇ ಸೈಕಲ್ಲಿನ ಕಡ್ಡಿ ಎಣಿಸಿ ನೋಡಿದೆ. ಮುಂದೆ 32, ಹಿಂದೆ 40. ಹಿಂದಿನ ಚಕ್ರಕ್ಕೆ ಭಾರ ಜಾಸ್ತಿ, ಅದಕ್ಕೇ ಕಡ್ಡಿಯೂ ಜಾಸ್ತಿ. ಇನ್ನೊಂದು ವಿಷಯ ಕೇಳಿ. ದೊಡ್ಡ ದೊಡ್ಡ ರೇಸಿನವರೇ ಮೊದಲು 23 ಮಿಲಿಮೀಟರ್ ಟಯರು ಹಾಕುತ್ತಿದ್ದವರು ಈಗ 28ಕ್ಕೆ, ಅದಕ್ಕಿಂತ ದಪ್ಪಕ್ಕೂ ಬಂದಿದ್ದಾರೆ. ಹ್ಯೂಮ್ ಅವರನ್ನು ನೋಡಿ ನಕ್ಕವರು ಇದನ್ನು ಕೇಳಬೇಕಿತ್ತು.

ದುಡ್ಡಿರುವವರು ಎರಡು ಜೊತೆ ಚಕ್ರ ಇಟ್ಟುಕೊಳ್ಳುತ್ತಾರೆ, ಒಂದು ಪ್ರಾಕ್ಟೀಸಿಗೆ, ಇನ್ನೊಂದು ರೇಸಿಗೆ. ಅಣ್ಣ ಒಂದೇ ಜೊತೆ, 32 ಕಡ್ಡಿಯ ಗಟ್ಟಿ ವೀಲು ಹಾಕಿಸಿದ. ದಿನಾ 32 ಮಿಲಿಮೀಟರ್ ಟಯರು, ರೇಸಿನ ದಿನಕ್ಕೆ 28ರ ಹಗುರ ಟಯರು. ಉಳಿದ ದುಡ್ಡು ದೊಡ್ಡಮ್ಮನ ಕೈಗೆ ಹೋಯಿತು. ಹಸು ಇನ್ನೂ ಬಂದಿಲ್ಲ.

ಹೀಗೆ ಟಯರು ಬಿಚ್ಚಿ ಹಾಕುವುದು ಡನ್‌ಲಪ್ ಅವರ ಮೊದಲ ಟಯರಿನಲ್ಲಿ ಆಗುತ್ತಿರಲಿಲ್ಲ. ಅದನ್ನು ರಿಮ್ಮಿಗೆ ಅಂಟಿಸಿ ಬಿಡುತ್ತಿದ್ದರು, ಪಂಕ್ಚರ್ ಆದರೆ ದೊಡ್ಡ ಗೋಳು. 1890ರಲ್ಲಿ ವೆಲ್ಚ್, ಬಾರ್ಟ್ಲೆಟ್ ಎಂಬ ಇಬ್ಬರು ಬೇರೆ ಬೇರೆಯಾಗಿ ಬಿಚ್ಚುವ ಟಯರಿಗೆ ಪೇಟೆಂಟ್ ಪಡೆದರು. ಫ್ರಾನ್ಸಿನ ಮಿಶೆಲಿನ್ ಅಣ್ಣತಮ್ಮಂದಿರೂ ಅಂಥದ್ದನ್ನು ಮಾಡಿದರು. ಅದನ್ನು ಹಾಕಿಕೊಂಡ ಶಾರ್ಲ್ ಟೆರಾಂಟ್ 1891ರಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟ್ ಊರಿಗೆ ಹೋಗಿ ವಾಪಸ್ ಬರುವ ಸುಮಾರು 1200 ಕಿಲೋಮೀಟರ್ ರೇಸು ಗೆದ್ದರು.

ಡನ್‌ಲಪ್ ಅವರಿಗೆ ಮಾತ್ರ ಅಷ್ಟರಲ್ಲಿ ಕೆಟ್ಟ ಸುದ್ದಿ ಬಂದಿತ್ತು. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬುವರು 1845ರಲ್ಲೇ ಕುದುರೆ ಗಾಡಿಗೆ ಗಾಳಿ ಚಕ್ರ ಮಾಡಿ ಪೇಟೆಂಟ್ ಪಡೆದಿದ್ದರು. ಅವರೂ ಸ್ಕಾಟ್ಲೆಂಡಿನವರೇ. ಸೈಕಲ್ಲು ಇಲ್ಲದ ಕಾಲದಲ್ಲಿ ಅದು ಯಾರಿಗೂ ಬೇಕಾಗದೆ ಮರೆತುಹೋಗಿತ್ತು. ಥಾಮ್ಸನ್ 1873ರಲ್ಲಿ ತೀರಿಕೊಂಡಿದ್ದರು. ಡನ್‌ಲಪ್ ಪೇಟೆಂಟ್ ನಿಲ್ಲಲಿಲ್ಲ. ವೆಲ್ಚ್, ಬಾರ್ಟ್ಲೆಟ್ ಅವರ ಹಕ್ಕುಗಳನ್ನು ಕೊಂಡು ಕಂಪನಿ ಬದುಕಿಕೊಂಡಿತು. 1895ರಲ್ಲಿ ಡನ್‌ಲಪ್ ಕಂಪನಿ ಬಿಟ್ಟರು. ಮಾರನೇ ವರ್ಷವೇ ಅದು 30 ಲಕ್ಷ ಪೌಂಡಿಗೆ ಮಾರಾಟವಾಯಿತು! ಇವರು ದೊಡ್ಡ ಸಾಹುಕಾರರಾಗಲಿಲ್ಲ.

ಡನ್‌ಲಪ್ 1921 ಅಕ್ಟೋಬರ್ 23ರಂದು ಡಬ್ಲಿನ್‌ನಲ್ಲಿ ತೀರಿಕೊಂಡರು. ಉತ್ತರ ಐರ್ಲೆಂಡಿನ ಒಂದು ಬ್ಯಾಂಕು 10 ಪೌಂಡ್ ನೋಟಿನ ಮೇಲೆ ಅವರ ಗಡ್ಡದ ಚಿತ್ರ ಹಾಕಿತು. ತಾತನ ಸೈಕಲ್ಲಿನಲ್ಲಿ ಗಾಳಿ ಹೊಡೆಯುವ ಕಡೆ ಇರುವ ವಾಲಿಗೂ ಡನ್‌ಲಪ್ ವಾಲ್ ಅಂತ ಹೆಸರಿದೆ. ಅದನ್ನು ಮಾಡಿದ್ದು ವುಡ್ಸ್ ಎಂಬ ಬೇರೆಯವರು. ಥಾಮ್ಸನ್ ಹೆಸರನ್ನು ಯಾವ ಟಯರಿನ ಮೇಲೂ ನಾನು ಇದುವರೆಗೆ ನೋಡಿಲ್ಲ. ನೀವು ನೋಡಿದ್ದರೆ ಬಂದು ಹೇಳಿ.