ವ್ಯಾಯಾಮಾಚಾರ್ಯ ಸ್ಯಾಂಡೋ

ತೋಳಿಲ್ಲದ ಬನಿಯನ್ನಿಗೆ ನಮ್ಮ ಜವಳಿಯಂಗಡಿಗಳಲ್ಲಿ ಸ್ಯಾಂಡೋ ಬನಿಯನ್ ಎಂದು ಹೆಸರು. ತಾಳವಾಡಿಯಾಗಲಿ ಹೊಸೂರಾಗಲಿ, ಅಂಗಡಿಯವನು ಕನ್ನಡಿಗನಾಗಲಿ ತಮಿಳನಾಗಲಿ ತೆಲುಗನಾಗಲಿ, ಈ ಮಾತೊಂದಕ್ಕೆ ಭಾಷಾಭೇದವಿಲ್ಲ. ಕೊಯಮತ್ತೂರಿನವರಾದ ಚಲನಚಿತ್ರ ನಿರ್ಮಾಪಕ ಚಿನ್ನಪ್ಪ ದೇವರ್ ಅವರು ಸ್ಯಾಂಡೋ ಎಂಬುದನ್ನು ಬಿರುದಿನಂತೆ ತಮ್ಮ ಹೆಸರಿಗೆ ಜೋಡಿಸಿಕೊಂಡಿದ್ದುದನ್ನು ಈ ಕಡೆಯ ಹಿರಿಯರು ಬಲ್ಲರು. ಮೈಕಟ್ಟುಳ್ಳ ಹುಡುಗನೊಬ್ಬ ಎದೆ ಸೆಟೆದು ನಡೆದರೆ ಬೀದಿಯವರು ಅವನನ್ನು ಸ್ಯಾಂಡೋ ಎಂದು ಪರಿಹಾಸ ಮಾಡುವುದೂ ಉಂಟು. ಹೀಗೆ ಬಟ್ಟೆಗೂ ಬಿರುದಿಗೂ ಹಾಸ್ಯಕ್ಕೂ ಒದಗಿದ ಈ ಹೆಸರಿನ ಹಿಂದೆ ನಿಜವಾಗಿಯೂ ಒಬ್ಬ ಮನುಷ್ಯನಿದ್ದನೆಂಬುದನ್ನು ಮಾತ್ರ ನಮ್ಮ ಪ್ರೌಢಶಾಲೆಯ ಮಕ್ಕಳು ಅರಿಯರು. ಅವನು ಬಲಶಾಲಿಯಾಗಿದ್ದನೆಂಬುದು ದೊಡ್ಡ ಸಂಗತಿಯಲ್ಲ. ಬಲಶಾಲಿಗಳು ಎಲ್ಲ ಕಾಲದಲ್ಲಿಯೂ ಇದ್ದರು. ದೇಹಬಲವನ್ನು ಒಂದು ಉದ್ಯಮವನ್ನಾಗಿ ಕಟ್ಟಿದವರಲ್ಲಿ ಅವನು ಅಗ್ರಗಣ್ಯನೆಂಬುದೇ ಅವನ ಚರಿತ್ರೆಯ ವಿಶೇಷ.

ಯೂಜಿನ್ ಸ್ಯಾಂಡೋ ಹುಟ್ಟಿದುದು 1867ನೆಯ ಇಸವಿ ಏಪ್ರಿಲ್ 2ರಂದು, ಪ್ರಷ್ಯದ ಕೋನಿಗ್ಸ್‌ಬರ್ಗ್ ನಗರದಲ್ಲಿ. ತತ್ತ್ವಜ್ಞಾನಿ ಕಾಂಟನು ಬಾಳಿ ಬದುಕಿದ ಊರು ಅದು. ಎರಡನೆಯ ಮಹಾಯುದ್ಧದ ತರುವಾಯ ಅದು ರಷ್ಯದ ಪಾಲಾಗಿ, 1946ರಲ್ಲಿ ಕಲಿನಿನ್‌ಗ್ರಾಡ್ ಎಂದು ಹೆಸರನ್ನೂ ಬದಲಿಸಿಕೊಂಡಿತು. ಗಡಿ ಸರಿದು, ಮನೆ ಮಾತ್ರ ಇದ್ದಲ್ಲಿಯೇ ಉಳಿಯುವುದೆಂದರೇನೆಂಬುದನ್ನು ಈ ಸಂಚಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ತಂದೆತಾಯಿಗಳು ಈ ಬಾಲಕನಿಗೆ ಇಟ್ಟ ಹೆಸರು ಫ್ರೀಡ್ರಿಕ್ ವಿಲ್ಹೆಲ್ಮ್ ಮ್ಯೂಲರ್. ತಾರುಣ್ಯದಲ್ಲಿ ಕಡ್ಡಾಯ ಸೈನ್ಯಸೇವೆಯನ್ನು ತಪ್ಪಿಸಿಕೊಂಡು ದೇಶ ಬಿಟ್ಟು ಹೊರಟವನು ಆ ಹೆಸರನ್ನೂ ಬಿಟ್ಟನು. ಸ್ಯಾಂಡೋ ಎಂಬುದು ತಾಯಿಯ ತವರಿನ ಹೆಸರಿನಿಂದ ಬಂದುದೆಂದು ಹೇಳುತ್ತಾರೆ.

ತಾನು ಬಾಲ್ಯದಲ್ಲಿ ಬಹು ದುರ್ಬಲನಾಗಿದ್ದೆನೆಂದೂ, ತಂದೆಯೊಡನೆ ಇಟಲಿಗೆ ಹೋದಾಗ ಪ್ರಾಚೀನ ಶಿಲ್ಪಿಗಳು ಕಡೆದ ವೀರರ ವಿಗ್ರಹಗಳನ್ನು ಕಂಡು ಅಂಥ ದೇಹವನ್ನು ಸಂಪಾದಿಸುವ ಛಲ ಹುಟ್ಟಿತೆಂದೂ ಅವನು ಬರೆದುಕೊಂಡಿದ್ದಾನೆ. ಈ ಕಥೆಯನ್ನು ಅವನ ಚರಿತ್ರಕಾರರು ಪೂರ್ತಿಯಾಗಿ ನಂಬುವುದಿಲ್ಲ. ನಿಜವೋ ಅಲ್ಲವೋ, ಅದು ವ್ಯಾಪಾರಕ್ಕೆ ಬಹು ಅನುಕೂಲವಾದ ಕಥೆ. ಹುಟ್ಟಿನಿಂದಲೇ ಭೀಮನಾದವನನ್ನು ಲೋಕ ನೋಡಿ ಬೆರಗಾಗಬಹುದು. ಅವನಿಂದ ಪಾಠ ಹೇಳಿಸಿಕೊಳ್ಳಲು ಯಾರೂ ಹಣ ಕೊಡಲಾರರು. ದುರ್ಬಲನಾಗಿದ್ದು ಬಲಿಷ್ಠನಾದವನೇ ಗುರುವಾಗಲು ತಕ್ಕವನು.

ಬ್ರಸೆಲ್ಸ್ ನಗರದಲ್ಲಿ ಪ್ರೊಫೆಸರ್ ಅಟಿಲಾ ಎಂದು ಪ್ರಸಿದ್ಧನಾಗಿದ್ದ ಲೂಯಿ ಡುರ್ಲಾಕರನ ವ್ಯಾಯಾಮಶಾಲೆಯಿತ್ತು. 1887ರ ವೇಳೆಗೆ ತರುಣನು ಅಲ್ಲಿಗೆ ಬಂದು ಸೇರಿದನು. ಭಾರವಾದ ಗುಂಡುಗಳನ್ನು ಎತ್ತುವುದನ್ನೂ, ರಂಗದ ಮೇಲೆ ನಿಂತು ಜನರ ಮನವನ್ನು ಸೆಳೆಯುವುದನ್ನೂ ಅವನು ಕಲಿತುದು ಈ ಗುರುವಿನಿಂದ. ಆ ದಿನಗಳಲ್ಲಿ ಲಂಡನ್ನಿನಲ್ಲಿ ಸ್ಯಾಂಪ್‌ಸನ್ ಎಂಬೊಬ್ಬ ಬಲಪ್ರದರ್ಶಕನು ತನ್ನ ಶಿಷ್ಯ ಸೈಕ್ಲಾಪ್ಸನೊಡನೆ, ತಮ್ಮನ್ನು ಗೆದ್ದವರಿಗೆ ಹಣ ಕೊಡುವುದಾಗಿ ಪ್ರತಿ ರಾತ್ರಿಯೂ ಸವಾಲು ಹಾಕುತ್ತಿದ್ದನು. 1889ರ ಅಕ್ಟೋಬರ್ ಕೊನೆಯಲ್ಲಿ ಸ್ಯಾಂಡೋ ಶಿಷ್ಯನನ್ನು ಸೋಲಿಸಿ, ನವೆಂಬರ್ 2ರ ರಾತ್ರಿ ವೆಸ್ಟ್‌ಮಿನ್‌ಸ್ಟರಿನ ರಾಯಲ್ ಅಕ್ವೇರಿಯಂ ರಂಗಮಂದಿರದಲ್ಲಿ ಗುರುವನ್ನೂ ಸೋಲಿಸಿದನು. ಇಪ್ಪತ್ತೆರಡು ವರ್ಷದ ಅಪರಿಚಿತ ಪರದೇಶಿಯ ಹೆಸರು ಮರುದಿನದಿಂದ ಲಂಡನ್ನಿನವರ ಬಾಯಲ್ಲಿತ್ತು.

1893ರಲ್ಲಿ ಅಮೆರಿಕಕ್ಕೆ ಹೋದನು. ಚಿಕಾಗೋ ನಗರದಲ್ಲಿ ಆಗ ಜಗತ್ಪ್ರದರ್ಶನ ನಡೆದಿತ್ತು. ಸೆಪ್ಟೆಂಬರ್ ತಿಂಗಳಿನಲ್ಲಿ ಅಲ್ಲಿಯೇ ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದರೆಂಬುದು ನಮ್ಮೆಲ್ಲರಿಗೂ ಗೊತ್ತು. ಅದೇ ವರ್ಷ ಅದೇ ಊರಿನ ಟ್ರೊಕಡೆರೋ ರಂಗಮಂದಿರದಲ್ಲಿ ಸ್ಯಾಂಡೋವಿನ ಪ್ರದರ್ಶನಗಳು ನಡೆದುವೆಂಬುದು ಅಷ್ಟು ಗೊತ್ತಿಲ್ಲ. ಅವನನ್ನು ಕರೆತಂದವನು ಫ್ಲೊರೆನ್ಸ್ ಝೀಗ್‌ಫೆಲ್ಡ್ ಎಂಬ ಚತುರ ತರುಣ. ಪ್ರೇಕ್ಷಕರ ಕಣ್ಣು ಸ್ಯಾಂಡೋ ಎತ್ತುವ ಗುಂಡಿನ ಮೇಲಲ್ಲ, ಎತ್ತುವಾಗ ಉಬ್ಬುವ ತೋಳು ಬೆನ್ನುಗಳ ಮೇಲೆ ನೆಟ್ಟಿದೆಯೆಂಬುದನ್ನು ಝೀಗ್‌ಫೆಲ್ಡ್ ಕಂಡುಕೊಂಡನು. ಅಂದಿನಿಂದ ಗುಂಡು ಹಿಂದೆ ಸರಿದು ದೇಹವೇ ಮುಂದೆ ಬಂದಿತು. ವಿಗ್ರಹಗಳ ಭಂಗಿಗಳಲ್ಲಿ ನಿಂತು ಒಂದೊಂದು ಸ್ನಾಯುವನ್ನೂ ಬೇರೆಬೇರೆಯಾಗಿ ಕುಣಿಸುವುದೇ ಆಟವಾಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರ್ ಸಾರ್ಜೆಂಟರು ಅವನ ಅಂಗಾಂಗಗಳನ್ನು ಅಳೆದು ಮೆಚ್ಚಿದರು. 1894ರ ಮಾರ್ಚಿಯಲ್ಲಿ ಎಡಿಸನ್ನನ ಚಲಚ್ಚಿತ್ರ ಯಂತ್ರದ ಮುಂದೆ ಅವನು ನಿಂತ ಕೆಲವು ಕ್ಷಣಗಳ ಚಿತ್ರ ಇಂದಿಗೂ ಉಳಿದಿದೆ. ಅದೇ ವರ್ಷ ಸಾನ್ ಫ್ರಾನ್ಸಿಸ್ಕೋದಲ್ಲಿ ಸಿಂಹದೊಡನೆ ಕುಸ್ತಿಯನ್ನೂ ಏರ್ಪಡಿಸಿದ್ದರು; ಬಾಯಿಗೆ ಕುಕ್ಕೆ, ಪಂಜಗಳಿಗೆ ಚೀಲ ಕಟ್ಟಿದ್ದ ಆ ಬಡಪಾಯಿ ಮೃಗವು ಹೋರಾಡುವ ಮನಸ್ಸನ್ನೇ ಮಾಡಲಿಲ್ಲ. ಇದು ಅವನ ಕೀರ್ತಿಗೆ ಭೂಷಣವಲ್ಲ. ಆದರೆ ಬರೆಯದೆ ಬಿಟ್ಟರೆ ಅವನು ಯಾವ ಸಂತೆಯಿಂದ ಎದ್ದು ಬಂದವನೆಂಬುದು ತಿಳಿಯುವುದಿಲ್ಲ.

ಆ ವರ್ಷವೇ ಅವನು ಮ್ಯಾಂಚೆಸ್ಟರಿನ ಬ್ಲಾಂಚ್ ಬ್ರೂಕ್ಸ್ ಎಂಬಾಕೆಯನ್ನು ಮದುವೆಯಾದನು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು.

ಮುಂದಿನ ಹಂತವೇ ಮುಖ್ಯವಾದುದು. ಪ್ರದರ್ಶನದ ಬಲಶಾಲಿ ಎಷ್ಟು ದಿನ ಬಾಳಿಯಾನು? ಮೈ ಸಡಿಲವಾದ ದಿನ ಅವನ ಅನ್ನವೂ ಮುಗಿಯಿತು. ನಮ್ಮಲ್ಲಿ ಮಲ್ಲರನ್ನು ಸಾಕಿದವರು ಅರಸರು. ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಒಂದು ಪ್ರಕರಣವೇ ಇದೆ. ಮೈಸೂರಿನ ಜಟ್ಟಿಗಳು ದಸರೆಯ ವಜ್ರಮುಷ್ಟಿ ಕಾಳಗದಿಂದ ಅರಮನೆಯ ಆಶ್ರಯದಲ್ಲಿ ಬಾಳಿದವರು. ಸ್ಯಾಂಡೋವಿಗೆ ಅಂಥ ಅರಸನಿರಲಿಲ್ಲ. ಅವನು ಆಶ್ರಯಿಸಿದುದು ಲಂಡನ್ನಿನ ಗುಮಾಸ್ತನನ್ನು. ದಿನವೆಲ್ಲ ಮೇಜಿಗೆ ಬಾಗಿ, ಹೊಗೆಯ ಗಾಳಿ ಕುಡಿದು, ಎದೆ ಸೊರಗಿ, ತನ್ನ ದೇಹದ ಬಗ್ಗೆ ತಾನೇ ನಾಚುವ ಸಾವಿರಾರು ಮಂದಿ ಆ ನಗರದಲ್ಲಿದ್ದರು. 1899ರಲ್ಲಿ ಬೋಯರ್ ಯುದ್ಧ ಆರಂಭವಾಗಿ, ಸೈನ್ಯಕ್ಕೆ ಸೇರಬಂದ ಅನೇಕ ತರುಣರು ಅಶಕ್ತರೆಂದು ತಿರಸ್ಕೃತರಾದಾಗ ಇಡೀ ಇಂಗ್ಲೆಂಡಿಗೆ ದಿಗಿಲು ಹತ್ತಿತು. ಸ್ಯಾಂಡೋವಿನ ಅಂಗಡಿ ಅದಕ್ಕೆ ಮೊದಲೇ ಬಾಗಿಲು ತೆರೆದಿತ್ತು.

1897ರಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿ ಅವನ ವ್ಯಾಯಾಮ ಸಂಸ್ಥೆ ಸ್ಥಾಪಿತವಾಯಿತು. ಶ್ರೀಮಂತರ ಕ್ಲಬ್ಬುಗಳಿರುವ ಬೀದಿಯದು. ಗರಡಿಯೆಂದರೆ ಕೆಮ್ಮಣ್ಣು, ಬೆವರು, ಕತ್ತಲೆ ಎಂದು ತಿಳಿದವರಿಗೆ ಅಲ್ಲಿನ ರತ್ನಗಂಬಳಿಯನ್ನೂ ಕನ್ನಡಿಗಳನ್ನೂ ಕಂಡು ಆಶ್ಚರ್ಯವಾಗುತ್ತಿದ್ದಿತು. ಬಂದವನ ಎದೆ, ತೋಳು, ನಡುವುಗಳನ್ನು ಅಳೆದು ಅವನಿಗೆಂದೇ ವ್ಯಾಯಾಮದ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದರು. ಬರಲಾರದವರಿಗೆ ಅಂಚೆಯಿತ್ತು. ತನ್ನ ವಯಸ್ಸು, ಉದ್ಯೋಗ, ಅಳತೆ, ಕಾಯಿಲೆಗಳನ್ನು ಬರೆದು ಹಣದೊಡನೆ ಕಳುಹಿಸಿದವನಿಗೆ ಪಾಠಗಳು ಮನೆಗೇ ಬರುತ್ತಿದ್ದುವು. 1898ರಲ್ಲಿ ಮಾಸಪತ್ರಿಕೆ ಹೊರಟಿತು, ಪುಸ್ತಕಗಳೂ ಬಂದುವು. ಬಾಗಿಲಿಗೆ ತಗುಲಿಸಿ ಎಳೆಯುವ ರಬ್ಬರು ಹುರಿಗಳ ಸಾಧನ, ಸ್ಪ್ರಿಂಗ್ ಇಟ್ಟ ಡಂಬೆಲ್ಲು, ಹೆಂಗಸರಿಗೆ ಅಂಗಕಂಚುಕ, ಎಲ್ಲದರ ಮೇಲೂ ಒಂದೇ ಹೆಸರು.

ಆ ಡಂಬೆಲ್ಲನ್ನು ಸ್ವಲ್ಪ ವಿವರಿಸಬೇಕು. ಅದರ ಹಿಡಿ ಉದ್ದಕ್ಕೆ ಎರಡು ಸೀಳಾಗಿ, ನಡುವೆ ಸ್ಪ್ರಿಂಗುಗಳಿರುತ್ತಿದ್ದುವು. ಅಂಗೈಯಿಂದ ಅಮುಕಿ ಎರಡು ಸೀಳುಗಳನ್ನೂ ಕೂಡಿಸಿಕೊಂಡೇ ತೋಳನ್ನು ಆಡಿಸಬೇಕು. ಮನಸ್ಸು ಬೇರೆ ಕಡೆ ಹರಿದರೆ ಹಿಡಿತ ಸಡಿಲಿ ಸೀಳುಗಳು ಬೇರೆಯಾಗುತ್ತವೆ. ತೂಕ ಹಗುರವಾಗಿದ್ದರೂ ಚಿತ್ತವನ್ನು ಸ್ನಾಯುವಿನಲ್ಲಿಯೇ ಇಟ್ಟು ಮಾಡಿದ ಚಲನೆ ಫಲ ಕೊಡುವುದೆಂಬುದು ಅವನ ಬೋಧನೆ. ಚಿತ್ತೈಕಾಗ್ರತೆಯ ಮಾತು ನಮಗೆ ಹೊಸದಲ್ಲ. ಆದರೆ ಅವನ ಪ್ರತಿಸ್ಪರ್ಧಿಗಳು ಎತ್ತಿದ ಆಕ್ಷೇಪಣೆಯೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಸ್ಯಾಂಡೋ ತನ್ನ ಮೈಯನ್ನು ಬೆಳೆಸಿದುದು ಅಟಿಲಾನ ಶಾಲೆಯ ಭಾರವಾದ ಗುಂಡುಗಳಿಂದ. ಲೋಕಕ್ಕೆ ಮಾರಿದುದು ಹಗುರವಾದ ಡಂಬೆಲ್ಲನ್ನು. ಗುಮಾಸ್ತನು ಅದನ್ನು ಆಡಿಸಿ ಆರೋಗ್ಯವನ್ನು ಪಡೆದಿರಬಹುದು, ಬೆನ್ನು ನೆಟ್ಟಗೆ ಮಾಡಿಕೊಂಡಿರಬಹುದು, ಸ್ಯಾಂಡೋ ಆಗಲಾರನು. ಜಾಹೀರಾತಿನ ಚಿತ್ರದಲ್ಲಿದ್ದವನೋ ಸ್ಯಾಂಡೋ. ದೇಹಸೌಷ್ಠವವನ್ನು ಮಾರುವ ಇಂದಿನ ಉದ್ಯಮದಲ್ಲಿಯೂ ಚಿತ್ರಕ್ಕೂ ಸರಕಿಗೂ ನಡುವಣ ಈ ಅಂತರ ಹಾಗೆಯೇ ಇದೆ. ಹಾಗೆಂದು ಅವನನ್ನು ವಂಚಕನೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಿತಾಹಾರ, ಸ್ನಾನ, ಶುದ್ಧವಾಯು, ನಿತ್ಯಸಾಧನೆ ಎಂಬ ಉಪದೇಶವನ್ನು ಅಷ್ಟು ಜನರ ಮನೆಯೊಳಕ್ಕೆ ಮುಟ್ಟಿಸಿದವರು ಅವನ ಕಾಲದಲ್ಲಿ ವಿರಳ.

ಮೂರು ವರ್ಷ ಜಿಲ್ಲೆಜಿಲ್ಲೆಗಳಲ್ಲಿ ಆಯ್ಕೆ ನಡೆಸಿ, 1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವನು ದೇಹಸೌಷ್ಠವದ ಮಹಾಸ್ಪರ್ಧೆಯನ್ನು ಏರ್ಪಡಿಸಿದನು. ಶಿಲ್ಪಿ ಸರ್ ಚಾರ್ಲ್ಸ್ ಲಾಸ್ ಮತ್ತು ಷರ್ಲಾಕ್ ಹೋಮ್ಸನ ಕತೆಗಳ ಕರ್ತೃ ಕಾನನ್ ಡಾಯ್ಲ್ ತೀರ್ಪುಗಾರರು. ಉಬ್ಬಿದ ಒಂದು ತೋಳಿಗೆ ಅಲ್ಲಿ ಬೆಲೆಯಿರಲಿಲ್ಲ. ಸರ್ವಾಂಗಗಳ ಸಮಬೆಳವಣಿಗೆ, ಚರ್ಮದ ಕಾಂತಿ, ಒಟ್ಟು ಆರೋಗ್ಯ ಇವೆಲ್ಲವನ್ನೂ ನೋಡಿದರು. ನಾಟಿಂಗ್‌ಹ್ಯಾಮಿನ ವಿಲಿಯಂ ಮರೆ ಎಂಬವನು ಗೆದ್ದನು. ಬಹುಮಾನವಾಗಿ ದೊರೆತುದು ಸ್ಯಾಂಡೋವಿನದೇ ಒಂದು ಚಿಕ್ಕ ಪ್ರತಿಮೆ! ಉತ್ಪತ್ತಿಯಾದ ಹಣ ಯುದ್ಧನಿಧಿಗೆ ಸಂದಿತು. ಅದೇ ವರ್ಷ ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಕೃತಿವಿಜ್ಞಾನ ವಿಭಾಗವು ಅವನ ಇಡೀ ದೇಹದ ಅಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆಯಿಸಿತು.

1904-05ರಲ್ಲಿ ಪೂರ್ವದೇಶಗಳ ಸಂಚಾರಕ್ಕೆ ಹೊರಟವನು ನಮ್ಮ ದೇಶಕ್ಕೂ ಬಂದು ಕಲ್ಕತ್ತೆ, ಮುಂಬಯಿ ಮೊದಲಾದೆಡೆ ಪ್ರದರ್ಶನ ಕೊಟ್ಟನು. ಬಂಗಾಳದ ವಿಭಜನೆಯ ಮಾತು ಕಾವೇರುತ್ತಿದ್ದ ಕಾಲವದು. ಆಳಲ್ಪಡುವ ಜನ ದೇಹದಿಂದಲೂ ಹೀನರೆಂಬ ಆಂಗ್ಲರ ತಾತ್ಸಾರ ವಿದ್ಯಾವಂತರ ಎದೆಯನ್ನು ಇರಿಯುತ್ತಿತ್ತು. ದೇಹವನ್ನು ಯಾರು ಬೇಕಾದರೂ ಕಟ್ಟಿಕೊಳ್ಳಬಹುದೆಂಬ ಅವನ ಸಂದೇಶ ಇಲ್ಲಿ ಬೇರೆಯೇ ಅರ್ಥವನ್ನು ತಾಳಿತು. ಅವನ ಮಾರ್ಗ ಕನ್ನಡನಾಡಿನಲ್ಲಿ ಹೇಗೆ ಬೇರೂರಿತೆಂಬುದಕ್ಕೆ ಶಾಂತಲಾ ಕಾದಂಬರಿಯ ಕರ್ತೃಗಳಾದ ಕೆ. ವಿ. ಅಯ್ಯರ್ ಅವರೇ ನಿದರ್ಶನ. ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದರು. ಅಂಚೆಯ ಮೂಲಕವೂ ಪಾಠ ಹೇಳಿದರು. ಪಶ್ಚಿಮದ ಅಂಗಸಾಧನೆಗೆ ಸೂರ್ಯನಮಸ್ಕಾರವನ್ನೂ ಯೋಗಾಸನವನ್ನೂ ಬೆಸೆದರು. ಕಬ್ಬಿಣವನ್ನೂ ಲೇಖನಿಯನ್ನೂ ಒಂದೇ ಕೈಯಲ್ಲಿ ಹಿಡಿದ ಅಂಥವರು ನಮ್ಮಲ್ಲಿ ಹೆಚ್ಚು ಮಂದಿಯಿಲ್ಲ.

1906ರಲ್ಲಿ ಸ್ಯಾಂಡೋ ಬ್ರಿಟಿಷ್ ಪ್ರಜೆಯಾದನು. ಮರುವರ್ಷ ಔಷಧವಿಲ್ಲದೆ ವ್ಯಾಯಾಮದಿಂದಲೇ ರೋಗಗಳನ್ನು ಗುಣಪಡಿಸುವ ಚಿಕಿತ್ಸಾಲಯವನ್ನು ತೆರೆದನು. 1911ರಲ್ಲಿ ಐದನೆಯ ಜಾರ್ಜ್ ದೊರೆಯ ವ್ಯಾಯಾಮಾಚಾರ್ಯನೆಂಬ ಪದವಿ ದೊರೆಯಿತು. ಕೊನೆಗೆ ಅರಸನ ಆಶ್ರಯವೂ ಬಂದಂತಾಯಿತು. ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತೇನೋ. ಅವನು ಆರೋಗ್ಯದ ಕೋಕೋ ಪುಡಿಯ ವ್ಯಾಪಾರಕ್ಕೆ ಕೈಹಾಕಿ, ಲಂಡನ್ನಿಗೆ ಪಶ್ಚಿಮದ ಹೇಯ್ಸ್ ಎಂಬಲ್ಲಿ ಕಾರ್ಖಾನೆಯನ್ನು ಕಟ್ಟಿಸಿದನು. ಇಂಗ್ಲೆಂಡಿನಲ್ಲಿ ಕೋಕೋ ಎಂದರೆ ಕ್ಯಾಡ್‌ಬರಿ, ರೌಂಟ್ರಿ, ಫ್ರೈ ಎಂಬ ಹಳೆಯ ಮನೆತನಗಳ ಸೊತ್ತು. ಅವರೆದುರು ಹೊಸಬನೊಬ್ಬ ಅಪಾರ ಬಂಡವಾಳ ಸುರಿದು ನಿಂತ ಹೊತ್ತಿಗೆ ಸರಿಯಾಗಿ 1914ರ ಮಹಾಯುದ್ಧ ಬಂದಿತು.

ಜರ್ಮನರ ಅಂಗಡಿಗಳ ಗಾಜನ್ನು ಜನ ಒಡೆಯುತ್ತಿದ್ದ ಕಾಲ. ಹದಿನೇಳು ವರ್ಷ ಆಂಗ್ಲ ತರುಣರ ಎದೆ ತೋಳುಗಳನ್ನು ತಿದ್ದಿದವನು, ಅವರ ಯುದ್ಧನಿಧಿಗೆ ಹಣ ಕೂಡಿಸಿಕೊಟ್ಟವನು, ಅವರ ದೊರೆಗೆ ಆಚಾರ್ಯನಾದವನು ಈಗ ಕೋನಿಗ್ಸ್‌ಬರ್ಗಿನ ಮ್ಯೂಲರನಾಗಿ ಕಾಣತೊಡಗಿದನು. ಪ್ರಜೆಯೆಂದು ಬರೆದುಕೊಟ್ಟ ಕಾಗದ ಅವನ ಪೆಟ್ಟಿಗೆಯಲ್ಲಿಯೇ ಇತ್ತು. ಬೀದಿಯ ಜನಕ್ಕೆ ಕಾಗದ ಕಾಣುವುದಿಲ್ಲ. ಬೇರೆ ವ್ಯಾಪಾರಿಯಾಗಿದ್ದರೆ ಡಬ್ಬಿಯ ಮೇಲಿನ ಹೆಸರನ್ನು ಅಳಿಸಿ ಸರಕನ್ನು ಉಳಿಸಬಹುದಾಗಿತ್ತು. ಇವನ ಸರಕೆಲ್ಲವೂ ಆ ಒಂದು ಹೆಸರೇ. 1916ರಲ್ಲಿ ಕೋಕೋ ಕಂಪೆನಿ ದಿವಾಳಿಯಾಯಿತು. ಕಾರ್ಖಾನೆ ಕೈಬಿಟ್ಟುಹೋಗಿ, ಮುಂದೆ ನೆಸ್ಲೆ ಕಂಪೆನಿಗೆ ಸೇರಿತು.

ಯುದ್ಧಾನಂತರ ಅವನು ಮತ್ತೆ ಪುಸ್ತಕ ಬರೆದನು, ಪಾಠ ಹೇಳಿದನು. ಹಿಂದಿನ ವೈಭವ ಮರಳಲಿಲ್ಲ. 1925ರ ಅಕ್ಟೋಬರ್ 14ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡನು. ಹಳ್ಳಕ್ಕೆ ಬಿದ್ದ ಮೋಟಾರು ಗಾಡಿಯನ್ನು ಒಬ್ಬನೇ ಎತ್ತಲು ಹೋಗಿ ರಕ್ತನಾಳ ಒಡೆಯಿತೆಂಬ ವೃತ್ತಾಂತ ಲೋಕದಲ್ಲಿ ಹಬ್ಬಿತು. ಚರಿತ್ರಕಾರರು ಇದನ್ನೂ ಸಂಶಯದಿಂದಲೇ ನೋಡುತ್ತಾರೆ. ಸತ್ತಾಗಲೂ ಅವನಿಗೊಂದು ಭಾರವನ್ನು ಎತ್ತಿಸದೆ ಜನ ಬಿಡಲಿಲ್ಲ.

ಪಟ್ನಿ ವೇಲ್ ರುದ್ರಭೂಮಿಯಲ್ಲಿ ಅವನನ್ನು ಹೂಳಿದರು. ಗೋರಿಗೆ ಕಲ್ಲು ನಿಲ್ಲಿಸಬಾರದೆಂಬುದು ಹೆಂಡತಿಯ ಇಚ್ಛೆಯಾಗಿತ್ತು. ಏಕೆಂದು ಊಹಿಸುವ ಅಧಿಕಾರ ಹೊರಗಿನವರಾದ ನಮಗಿಲ್ಲ. 1977ರಿಂದ ಜಗತ್ತಿನ ದೇಹದಾರ್ಢ್ಯ ಸ್ಪರ್ಧೆಗಳಲ್ಲಿ ಹೆಸರಾದ ಮಿಸ್ಟರ್ ಒಲಿಂಪಿಯಾ ಗೆದ್ದವರಿಗೆ ಅವನ ಪ್ರತಿಮೆಯನ್ನು ಕೊಡುವ ವಾಡಿಕೆ ಬಂದಿತು. ಆಗಲೂ ಆ ಗೋರಿಯ ಮೇಲೆ ಗುರುತಿರಲಿಲ್ಲ. 2002ರಲ್ಲಿ ಅಭಿಮಾನಿಯೊಬ್ಬನು ಒಂದು ಕಲ್ಲನ್ನು ಇಡಿಸಿದನು. 2008ರಲ್ಲಿ ವಂಶಸ್ಥನೊಬ್ಬನು ಅದನ್ನು ತೆಗೆಯಿಸಿ ಗುಲಾಬಿ ಬಣ್ಣದ ಒರಟು ಬಂಡೆಯೊಂದನ್ನು ನೆಡಿಸಿದನು. ಅದರ ಮೇಲೆ ಕೊರೆದಿರುವುದು ಸ್ಯಾಂಡೋ ಎಂಬ ಹೆಸರು.