ಸ್ಕ್ಯಾನ್ ಪರದೆಯ ಚುಕ್ಕೆಗಳ ಹಿಂದೆ ಲಾರ್ಡ್ ರೇಲೀ

ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಾವು ನಾಲ್ವರು ಅಲ್ಟ್ರಾಸೌಂಡ್ ಸ್ಕ್ಯಾನರನ್ನು ಕಂಪ್ಯೂಟರ್‌ನಲ್ಲೇ ಕಟ್ಟಿದ್ದೆವು. ರೋಗಿಯೂ ಇಲ್ಲ, ಯಂತ್ರವೂ ಇಲ್ಲ. ಎಲ್ಲ ಬರೀ ಕೋಡ್. ಅದರಲ್ಲಿ ಪದೇ ಪದೇ ಬರ್ತಿದ್ದ ಹೆಸರು ರೇಲೀ. ವೈವಾದಲ್ಲಿ ಇವರು ಯಾರು ಅಂತ ಕೇಳಿದಾಗ ಮುಖ ಮುಖ ನೋಡಿಕೊಂಡೆವು.

ಅವರ ಹುಟ್ಟು ಹೆಸರು ಜಾನ್ ವಿಲಿಯಂ ಸ್ಟ್ರಟ್. 1842ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ಜಮೀನ್ದಾರಿ ಮನೆತನದಲ್ಲಿ ಹುಟ್ಟಿದರು. ಚಿಕ್ಕಂದಿನಿಂದಲೂ ಕಾಯಿಲೆ. ಆದರೂ 1865ರಲ್ಲಿ ಕೇಂಬ್ರಿಜ್ ಗಣಿತ ಪರೀಕ್ಷೆಗೆ ಮೊದಲಿಗರು. 1872ರಲ್ಲಿ ಜ್ವರ ಬಿದ್ದು, ಚೇತರಿಸಿಕೊಳ್ಳಲು ಈಜಿಪ್ಟಿಗೆ ಹೋದರು. ಶಬ್ದ ಸಿದ್ಧಾಂತದ ಕುರಿತ ತಮ್ಮ ದೊಡ್ಡ ಪುಸ್ತಕವನ್ನು ಶುರು ಮಾಡಿದ್ದು ಅಲ್ಲೇ, ನೈಲ್ ನದಿಯ ದೋಣಿಮನೆಯಲ್ಲಿ. ಮರುವರ್ಷ ತಂದೆ ತೀರಿಕೊಂಡ ಮೇಲೆ ಲಾರ್ಡ್ ರೇಲೀ ಆದರು.

1880ರಲ್ಲಿ ಅವರು ಒಂದು ಲೆಕ್ಕ ಬಿಡಿಸಿದರು. ಒಂದೇ ಶ್ರುತಿಯ ಅನೇಕ ಸದ್ದುಗಳು ಹೊಂದಾಣಿಕೆಯಿಲ್ಲದೆ ಕೂಡಿದರೆ ಒಟ್ಟು ಎಷ್ಟಾಗುತ್ತೆ? ಕೆಲವು ಒಂದನ್ನೊಂದು ಹೆಚ್ಚಿಸುತ್ತವೆ, ಕೆಲವು ಅಳಿಸುತ್ತವೆ. ಹಾಗಾಗಿ ಉತ್ತರ ಒಂದೇ ಸಂಖ್ಯೆಯಲ್ಲ, ಸಾಧ್ಯತೆಗಳ ಹಂಚಿಕೆ. ಆಗ ಅದರಿಂದ ಯಾವ ರೋಗಿಗೂ ಉಪಯೋಗವಿರಲಿಲ್ಲ. 1919ರಲ್ಲಿ ಅವರು ತೀರಿಕೊಂಡಾಗಲೂ ಆಸ್ಪತ್ರೆಗಳಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನ್ ಇರಲಿಲ್ಲ.

ಆದರೆ ನಮ್ಮ ಕೋಡ್ ಮಾಡ್ತಿದ್ದದ್ದು ಅದೇ ಲೆಕ್ಕ. ಸಾವಿರಾರು ಬಿಂದುಗಳನ್ನು ಅಡ್ಡಾದಿಡ್ಡಿ ಚೆಲ್ಲಿ, ಪ್ರತಿಯೊಂದರ ಪ್ರತಿಧ್ವನಿಯನ್ನೂ ಕೂಡಿಸಿದರೆ ಥೇಟ್ ಲಿವರ್ ಸ್ಕ್ಯಾನಿನಂತೆ ಬೂದು ಚುಕ್ಕೆಗಳು ಮೂಡುತ್ತವೆ. ಅವು ಜೀವಕೋಶಗಳಲ್ಲ, ಅಲೆಗಳು ಕೂಡಿ ಕಳೆದು ಉಳಿಸಿದ ಗುರುತು. ಇದು ಗೊತ್ತಿಲ್ಲದೆ ನಾವು ಚುಕ್ಕೆಗಳನ್ನು ಕಸ ಅಂದ್ಕೊಂಡು ನುಣ್ಣಗೆ ಒರೆಸಿಬಿಟ್ಟೆವು. ಚಿತ್ರ ಚೆನ್ನಾಗಾಯ್ತು, ನಾವೇ ಒಳಗಿಟ್ಟಿದ್ದ ಪುಟ್ಟ ಗಂಟು ಮಾಯವಾಯ್ತು!

ರೇಲೀ ಹಾಗೆ ಒರೆಸುವವರಲ್ಲ. ಗಾಳಿಯಿಂದ ತೆಗೆದ ಸಾರಜನಕ, ರಾಸಾಯನಿಕವಾಗಿ ತಯಾರಿಸಿದ ಸಾರಜನಕಕ್ಕಿಂತ ಸುಮಾರು ಅರ್ಧ ಶೇಕಡಾದಷ್ಟು ಭಾರ ತೂಗಿತು. ಬೇರೆಯವರಾಗಿದ್ದರೆ ತಕ್ಕಡಿಯ ದೋಷ ಅಂತ ಬಿಡ್ತಿದ್ದರೇನೋ. ಅವರು ಬಿಡಲಿಲ್ಲ. ವಿಲಿಯಂ ರಾಮ್ಸೆ ಜೊತೆಗೂಡಿ ಆ ವ್ಯತ್ಯಾಸದೊಳಗೆ ಆರ್ಗಾನ್ ಅನಿಲವನ್ನು ಕಂಡುಹಿಡಿದರು. 1904ರಲ್ಲಿ ನೊಬೆಲ್ ಬಂತು. ಬಹುಮಾನದ ಹಣವನ್ನು ಕೇಂಬ್ರಿಜ್‌ಗೇ ಕೊಟ್ಟರು.

ಈಗ ಇಂಥ ಕೃತಕ ಚಿತ್ರಗಳಿಂದಲೂ ಎಐ ತಂತ್ರಾಂಶಗಳಿಗೆ ಸ್ಕ್ಯಾನ್ ಓದೋದನ್ನು ಕಲಿಸಲಾಗ್ತಿದೆ. ನಮ್ಮ ಗಂಟು ಕೋಡ್‌ನಲ್ಲಿತ್ತು, ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ಕಾಲೇಜುಗಳು ಕೋಡ್ ಕಲಿಸಲಿ, ಬೇಡ ಅನ್ನಲ್ಲ. ಅದರ ಜೊತೆಗೆ ಈ 1880ರ ಲೆಕ್ಕವನ್ನೂ ಒಮ್ಮೆ ಬೋರ್ಡ್ ಮೇಲೆ ಬರೆದು ತೋರಿಸಲಿ.